ಒಣಗಿದ ಕಾಗದದ ದನಿ

ಟ್ರಾನ್ಸ್‌ಫಾರ್ಮರ್ ಲಾರಿಯಿಂದ ಇಳಿಯುವ ಮೊದಲೇ ಅದರ ವಾಸನೆ ಇಳಿದು ಬಂತು. ಸುಟ್ಟ ಕಾಗದವೂ ಕರಕಲಾದ ಎಣ್ಣೆಯೂ ಸೇರಿದ ವಾಸನೆ ಅದು. ಒಮ್ಮೆ ಮೂಗಿಗೆ ಹತ್ತಿದರೆ ಮಧ್ಯಾಹ್ನದ ಊಟದಲ್ಲೂ ಬರುತ್ತದೆ. ಕೊಟ್ಟೂರಿನ ಹೊರಗೆ, ಕೂಡ್ಲಿಗಿ ರಸ್ತೆಯಲ್ಲಿರುವ ನನ್ನ ರಿಪೇರಿ ಶೆಡ್ಡಿಗೆ ಬರುವುದು ಹೆಚ್ಚಾಗಿ ಹೊಲದ ಬೋರುಗಳ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳು. ಇದು ಅವುಗಳ ಹತ್ತು ಪಟ್ಟು ದೊಡ್ಡದು. ಹಡಗಲಿ ಕಡೆ ತುಂಗಭದ್ರೆಯ ದಂಡೆಯಲ್ಲಿ ಕುಡಿಯುವ ನೀರು ಎತ್ತುವ ಪಂಪ್‌ಹೌಸಿನದು. ಚೈನ್ ಕಪ್ಪಿಯಲ್ಲಿ ಇಳಿಸುವಾಗ ಶೆಡ್ಡಿನ ತೊಲೆ ಒಂದು ಸಲ ನರಳಿತು. ನಾನೂ ನರಳಿದೆ. ಕೆಲಸ ಒಪ್ಪಿಕೊಳ್ಳುವಾಗ ಇದ್ದ ಧೈರ್ಯ ಬಿಚ್ಚುವಾಗ ಇರುವುದಿಲ್ಲ.

ಲಾರಿಯ ಜೊತೆಗೇ ಪಂಪ್‌ಹೌಸಿನ ಆಪರೇಟರ್ ಬಂದಿದ್ದ. ನಲವತ್ತೈದರ ಆಸುಪಾಸಿನ ಮನುಷ್ಯ. ಬಗಲಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಅರ್ಧ ನೀರು. ಅದನ್ನು ಅವನು ಗುಟುಕು ಗುಟುಕಾಗಿ ಅಳೆದು ಕುಡಿಯುತ್ತಿದ್ದ.

"ಎಷ್ಟ ದಿನ ಹಿಡಿತೈತ್ರಿ?" ಎಂದ.

"ಮೂರು ವಾರ ಬೇಕಪ್ಪ."

"ಎರಡ ವಾರದಾಗ ಆಗಬೇಕ್ರಿ. ಸದ್ಯಕ್ಕ ಒಂದ್ ಸಣ್ಣದು ಕುಂದ್ರಿಸ್ಯಾರ. ಅದರ ಮ್ಯಾಲೆ ಒಂದ ಮೋಟರ್ ಓಡತೈತಿ. ನಮ್ಮೂರು ಪೈಪಿನ ತುದಿಗೆ ಐತಿ, ಐದ ದಿನಕ್ಕೊಮ್ಮೆ ನೀರು ಕಾಣ್ತೀವಿ. ಆ ಸಣ್ಣದೂ ಬ್ಯಾರೆ ಕಡೀದು, ಹದಿನಾಲ್ಕನೇ ದಿನ ಒಯ್ತಾರ. ಅಷ್ಟ್ರಾಗ ಇದು ಬರಲಿಲ್ಲ ಅಂದ್ರ ಅಷ್ಟೂ ಊರಿಗೆ ಒಣ ನಳ."

ಆಯಿತು ಎಂದೆ. ಯಾಕೆ ಎಂದೆನೋ ಗೊತ್ತಿಲ್ಲ. ಆ ಬಾಟಲಿ ನೋಡಿ ಅಂದಿರಬೇಕು.

ಮುಚ್ಚಳ ಬಿಚ್ಚಿ ಎಣ್ಣೆ ಬಸಿದಾಗ ಕಾರಣ ಕಂಡಿತು. ಮುಚ್ಚಳದ ಸಂದಿ ಮುಚ್ಚುವ ಗ್ಯಾಸ್ಕೆಟ್ ಸೀಳಿ ಮಳೆನೀರು ಒಳಗೆ ಇಳಿದಿತ್ತು. ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ: ಹನ್ನೊಂದು ಸಾವಿರ ವೋಲ್ಟನ್ನು ತಡೆದು ನಿಲ್ಲಿಸುವುದು ಕಬ್ಬಿಣವಲ್ಲ, ಪಿಂಗಾಣಿಯೂ ಅಲ್ಲ, ಕಾಗದ. ಮರದ ನಾರಿನಿಂದ ಮಾಡಿದ ಕಂದು ಕಾಗದ. ತಾಮ್ರದ ತಂತಿಗೆ ಕಾಗದ, ತಂತಿಯ ಸಾಲು ಸಾಲುಗಳ ನಡುವೆ ಕಾಗದ, ಸುರುಳಿಗಳ ನಡುವೆ ಅದೇ ಕಾಗದವನ್ನು ಒತ್ತಿ ಮಾಡಿದ ದಪ್ಪ ರಟ್ಟಿನ ಬಳೆಗಳು. ಒಣಗಿಸಿ ಎಣ್ಣೆ ಕುಡಿಸಿದರೆ ಅದು ಮೂವತ್ತು ವರ್ಷ ಕಾವಲು ಕಾಯುತ್ತದೆ. ಆದರೆ ಹತ್ತಿಯ ಹಾಗೆ ಅದಕ್ಕೂ ನೀರಿನ ದಾಹ. ಒಂದಿಷ್ಟು ತೇವ ಒಳಗೆ ಉಳಿದರೆ ಆ ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆಗೆಯುತ್ತಾನೆ.

ನನ್ನ ಶೆಡ್ಡಿನಲ್ಲಿ ಈ ಕಾಗದದ ಕೆಲಸವೆಲ್ಲ ಒಬ್ಬ ಹೆಣ್ಣುಮಗಳದು. ಗುಡೇಕೋಟೆಯ ಕಡೆಯ ಕುರಿಗಾರರ ಮನೆಯಲ್ಲಿ ಹುಟ್ಟಿ ಕೊಟ್ಟೂರಿಗೆ ಸೊಸೆಯಾಗಿ ಬಂದವಳು. ವಯಸ್ಸು ಐವತ್ತು ದಾಟಿದೆ. ಎಲ್ಲರೂ ಪೇಪರಕ್ಕ ಅನ್ನುತ್ತೇವೆ. ತವರಿನಲ್ಲಿ ಕಂಬಳಿ ನೇಯುತ್ತಿದ್ದ ಕೈ. ಎಳೆ ಎಷ್ಟು ಬಿಗಿಯಾಗಬೇಕು, ಎಷ್ಟಕ್ಕೆ ಹರಿಯುತ್ತದೆ ಎಂಬುದು ಆ ಬೆರಳುಗಳಿಗೆ ಗೊತ್ತು. ನನ್ನ ಮಷಿನ್ನಿಗೆ ಬಿಗಿ ಅಳೆಯುವ ಮುಳ್ಳು ಇದೆ. ಅವಳು ಕೆಲಸಕ್ಕೆ ಬಂದ ಮೇಲೆ ಆ ಮುಳ್ಳನ್ನು ನಾನು ನೋಡಿದ್ದು ಕಡಿಮೆ.

ಹೈವೋಲ್ಟೇಜಿನ ಸುರುಳಿಗಳೆಲ್ಲ ಸುಟ್ಟಿದ್ದವು. ಟ್ರಾನ್ಸ್‌ಫಾರ್ಮರಿನ ಒಳಗೆ ಮೂರು ಕಬ್ಬಿಣದ ಕಂಬಗಳಿರುತ್ತವೆ, ಒಂದೊಂದಕ್ಕೂ ಸುರುಳಿಗಳ ಒಂದೊಂದು ಗೋಪುರ. ಮೂರನ್ನೂ ಹೊಸದಾಗಿ ಸುತ್ತಬೇಕಿತ್ತು. ಹಳೆಯ ಸುತ್ತುಗಳನ್ನು ಎಣಿಸಿ ಬರೆದುಕೊಂಡು, ಎರಡನೆಯ ದಿನವೇ ಸುತ್ತಲು ಕೂತೆವು. ನಾನು ಮಷಿನ್ ತಿರುಗಿಸುತ್ತಿದ್ದೆ, ಅವಳು ತಂತಿಯ ಕೆಳಗೆ ಕಾಗದ ಹಾಕುತ್ತಿದ್ದಳು. ಕಾಗದದ ತುದಿ ಮುಂದಿನದರ ಮೇಲೆ ಎರಡು ಬೆರಳು ಏರಬೇಕು. ಅಂಚು ತಂತಿಯ ಸಾಲನ್ನು ದಾಟಿ ಹೊರಗೆ ಚಾಚಬೇಕು. ಒಂದು ಸುಕ್ಕು ಬಿದ್ದರೂ ಅವಳು ಕೈ ಎತ್ತುತ್ತಿದ್ದಳು, ನಾನು ನಿಲ್ಲಿಸಬೇಕಿತ್ತು. ದಿನಕ್ಕೆ ಇಪ್ಪತ್ತು ಸಲ ಕೈ ಎತ್ತಿದರೆ ನನಗೆ ಇಪ್ಪತ್ತು ಸಲ ಸಿಟ್ಟು ಬರುತ್ತಿತ್ತು.

ನನ್ನ ಸಿಟ್ಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಅದಕ್ಕೆ ಕೆಲಸವಿದೆ. ಐದನೆಯ ದಿನ, ಮೂರನೆಯ ಗೋಪುರದ ಸುರುಳಿಗಳನ್ನು ಸುತ್ತುತ್ತಿದ್ದಾಗ, ಕಾಗದದ ತುದಿಗೂ ಬಳೆಗಳಿಗೆ ಕೂರಿಸುವ ರಟ್ಟಿನ ತುಂಡುಗಳಿಗೂ ಹಚ್ಚುವ ಅಂಟಿನ ಡಬ್ಬಿ ಮುಗಿಯಿತು. ಅದು ಈ ಕೆಲಸಕ್ಕೆಂದೇ ಬರುವ ಅಂಟು, ದಾವಣಗೆರೆಯಿಂದ ತರಬೇಕು. ಪೇಪರಕ್ಕ ಬಂದು, "ಅಂಟು ತೀರೇತಿ, ನಾಳಿ ತರಸ್ತೀರೇನ್ರಿ?" ಎಂದು ಕೇಳಿದಳು. ಅದೇ ಹೊತ್ತಿಗೆ ಆಪರೇಟರ್ ಮತ್ತೆ ಬಂದು ಎಣ್ಣೆ ಡ್ರಮ್ಮಿನ ಮೇಲೆ ಕೂತಿದ್ದ. ಅವನ ಬಗಲಲ್ಲಿ ಅದೇ ಅರ್ಧ ಬಾಟಲಿ ನೀರು, ಅದು ನನ್ನನ್ನು ಹೆಚ್ಚು ಚುಚ್ಚುತ್ತಿತ್ತು.

"ಉಗುಳು ಹಚ್ಚಿಯಾದ್ರೂ ಅಂಟಿಸು. ಸಂಜಿಗೆ ನನಗ ಕಾಯಿಲ್ ಬೇಕು!" ಎಂದು ಕೂಗಿದೆ.

ಅವಳು ಹೋದಳು. ಸಂಜೆಗೆ ಕಾಯಿಲ್‌ಗಳು ಸಿದ್ಧವಾಗಿದ್ದವು, ಅಂಟಿದ ತುಂಡುಗಳು ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಏನು ಹಚ್ಚಿದೆ ಎಂದು ನಾನು ಕೇಳಲಿಲ್ಲ. ಬೇಕಾದದ್ದು ಸಿಕ್ಕಾಗ ಯಾರು ಕೇಳುತ್ತಾರೆ?

ಆರನೆಯ ದಿನ ಮೂರೂ ಗೋಪುರಗಳನ್ನು ಕಂಬಗಳಿಗೆ ಇಳಿಸಿ, ಮೇಲೆ ನೊಗವನ್ನು ಕಟ್ಟಿದೆವು. ಕಂಬಗಳ ತಲೆಯನ್ನು ಜೋಡಿಸುವ ಉಕ್ಕಿನ ತೆಳು ತಗಡುಗಳ ಕಟ್ಟಿಗೆ ನಮ್ಮ ಕಡೆ ನೊಗ ಅಂತಲೇ ಹೆಸರು. ಒಂದೊಂದೇ ತಗಡನ್ನು ಹೆಣೆಯುವ ಆ ಕೆಲಸ ಇಡೀ ದಿನ ತಿಂದಿತು. ಏಳನೆಯ ದಿನ ಬೆಳಿಗ್ಗೆ ಎಲ್ಲವನ್ನೂ ಒಲೆಗೆ ತಳ್ಳಿದೆವು. ಒಲೆ ಅಂದರೆ ಬಿಸಿಗಾಳಿ ತಿರುಗುವ ಒಂದು ತಗಡಿನ ಕೋಣೆ.

ಒಣಗುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹೇಳುವುದು ಮೆಗ್ಗರ್. ಸುರುಳಿಗೂ ಕಬ್ಬಿಣಕ್ಕೂ ನಡುವೆ ಕಾಗದ ಎಷ್ಟು ಗಟ್ಟಿಯಾಗಿ ತಡೆಯುತ್ತಿದೆ ಎಂದು ಮೆಗಾಓಮ್‌ಗಳಲ್ಲಿ ತೋರಿಸುವ ಪೆಟ್ಟಿಗೆ. ಕಾಗದ ಬಿಸಿಯಾದಂತೆ ಅಂಕಿ ಮೊದಲು ಇಳಿಯುತ್ತದೆ, ಹೆದರಬಾರದು. ತಳಕ್ಕೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ತೇವ ಹೊರಟಂತೆ ತಾನಾಗಿ ಏರತೊಡಗುತ್ತದೆ. ಆ ಏರಿಕೆಗಾಗಿಯೇ ಕಾಯುವುದು. ಸಾವಿರದ ಮೇಲಿದ್ದ ಅಂಕಿ ಆ ಸಂಜೆಗೆ ಮೂವತ್ತಕ್ಕೆ ಇಳಿಯಿತು. ಎಂಟನೆಯ ದಿನ ಬೆಳಿಗ್ಗೆ ಮೂವತ್ತು. ಮಧ್ಯಾಹ್ನ ಮೂವತ್ತೊಂದು. ಸಂಜೆ ಮೂವತ್ತು. ಒಲೆಯ ಕಾಯಿಲ್ ಬದಲಿಸಿದೆ, ಫ್ಯಾನ್ ನೋಡಿದೆ, ಬಾಗಿಲ ಸಂದಿಗೆ ಹಗ್ಗ ತುರುಕಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಮೂವತ್ತೆರಡು.

ಅದೇ ಬೆಳಿಗ್ಗೆ ಪರೀಕ್ಷೆಗೆ ಎಂಜಿನಿಯರ್ ಬಂದರು. ನೀರಿನ ಯೋಜನೆಯನ್ನು ನೋಡಿಕೊಳ್ಳುವವರು, ವಯಸ್ಸಿನಲ್ಲಿ ಚಿಕ್ಕವರು, ನನ್ನ ಮೇಲೆ ನಂಬಿಕೆ ಇಟ್ಟವರು. ಅಂಕಿ ನೋಡಿ, "ಯಾಕೆ ಇಷ್ಟು ಕಡಿಮೆ?" ಎಂದರು.

"ಬಿಸಿ ಐತಲ್ರಿ ಸರ್. ತಣ್ಣಗಾಗ್ಲಿ, ನಾಳಿ ಬೆಳಿಗ್ಗಿ ನೋಡ್ರಿ, ಏರತೈತಿ" ಎಂದೆ.

ನಾನು ಹೇಳಿದ್ದು ಸುಳ್ಳಲ್ಲ. ಹತ್ತು ಡಿಗ್ರಿ ತಣ್ಣಗಾದರೆ ಅಂಕಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ತೇವ ಅಲ್ಲೇ ಇದ್ದರೂ ಆಗುತ್ತದೆ. ಮರುದಿನಕ್ಕೆ ಅದು ಒಂಬೈನೂರು ತೋರಿಸುತ್ತಿತ್ತು. ನನ್ನ ಶೆಡ್ಡಿನ ಟೆಸ್ಟ್ ಫಾರಂನಲ್ಲಿ ಅಂಕಿಗೆ ಒಂದು ಚೌಕವಿದೆ, ಎಷ್ಟು ಬಿಸಿಯಲ್ಲಿ ಅಳೆದದ್ದು ಎಂಬುದಕ್ಕೆ ಚೌಕವಿರಲಿಲ್ಲ. ಫಾರಂ ಅಚ್ಚು ಹಾಕಿಸಿದವನು ನಾನೇ. ಸಹಿ ಬೀಳುತ್ತಿತ್ತು, ಟ್ರಾನ್ಸ್‌ಫಾರ್ಮರ್ ಹೋಗುತ್ತಿತ್ತು, ಮುಂದಿನದು ದೇವರ ಚಿತ್ತ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೆ ಆ ಬೆಳಿಗ್ಗೆ ಆ ಲೆಕ್ಕ ನನ್ನ ತಲೆಯಲ್ಲಿ ಪೂರ್ತಿ ಮುಗಿದಿತ್ತು.

ಎಂಜಿನಿಯರ್ ಚಹಾ ಕುಡಿಯಲು ಹೊರಗೆ ಹೋದರು. ಪೇಪರಕ್ಕ ಒಲೆಯ ಬಾಗಿಲ ಬಳಿ ಬಂದಳು. ಕೈಯಲ್ಲಿ ರಟ್ಟಿನ ತುಂಡುಗಳನ್ನು ಬಡಿದು ಕೂರಿಸುವ ಮರದ ಕೋಲು. ಬಟ್ಟೆ ಸುತ್ತಿದ ಕೈಯಿಂದ ಮೊದಲ ಗೋಪುರದ ಬಳೆಗೆ ಮೆಲ್ಲಗೆ ತಟ್ಟಿದಳು. ಟಕ್ ಎಂದಿತು. ಎರಡನೆಯದು, ಟಕ್. ಮೂರನೆಯದು ಬೇರೆ ಸದ್ದು ಮಾಡಿತು. ಹಸಿ ಕಟ್ಟಿಗೆಗೆ ಬಡಿದ ಹಾಗೆ, ದಬ್.

"ಇದರ ಒಳಗ ಹಸಿ ಐತ್ರಿ" ಎಂದಳು. "ನಾನ ಮಾಡಿದ್ದು."

"ಏನ ಮಾಡಿದಿ?"

"ಅವತ್ತ ಅಂಟು ಇರಲಿಲ್ಲಲ್ರಿ. ಮನಿಗೆ ಹೋಗಿ ಹುಣಸಿ ಬೀಜ ಕುದಿಸಿ, ಅರದು, ಅದರ ಅಂಟು ತಂದು ಹಚ್ಚಿದೆ. ನಮ್ಮ ಮನ್ಯಾಗ ಕಂಬಳಿ ಎಳಿಗೆ ಅದನ್ನ ಹಚ್ಚೂದು. ಒಣಗಿದ್ರ ತಂತಿ ಆದಂಗ ಆಗತೈತಿ. ಕಂಬಳಿಗೆ ಗಾಳಿ ಆಡತೈತಿ, ಒಣಗತೈತಿ. ಇದಕ್ಕ ಗಾಳಿ ಎಲ್ಲಿ? ಮ್ಯಾಲೆ ಸಿಪ್ಪಿ ಕಟ್ಟಿ ಒಳಗ ಹಂಗ ಹಸಿ ಕುಂತೈತಿ. ಎರಡ ದಿನದಿಂದ ನಿಮ್ಮ ಅಂಕಿ ನೋಡಾಕ್ಹತ್ತೀನಿ, ನನಗ ಆಗ್ಲೇ ಡೌಟ್ ಬಂದಿತ್ತು."

ನನ್ನ ಬಾಯಿಂದ ಏನೇನು ಬಂತೋ ಇಲ್ಲಿ ಬರೆಯುವಂಥದ್ದಲ್ಲ. ಹುಣಸೆಹಣ್ಣಿನ ಸಾರು ಮಾಡುವವರು ಹೈವೋಲ್ಟೇಜಿಗೆ ಯಾಕೆ ಕೈ ಹಾಕುತ್ತೀರಿ ಎಂದೆ. ಅವಳು ತಲೆ ತಗ್ಗಿಸಲೂ ಇಲ್ಲ, ಎದುರು ಕೂಗಲೂ ಇಲ್ಲ. ನನ್ನ ಉಸಿರು ಮುಗಿಯುವ ತನಕ ಕಾದಳು.

"ಉಗುಳು ಹಚ್ಚು ಅಂದಿದ್ರಿ. ಅದಕ್ಕಿಂತ ಇದು ಛಲೋ ಅನಿಸ್ತು" ಎಂದಳು. "ತಪ್ಪು ನಂದು, ಹೌದು. ಆದ್ರ ಎಣ್ಣ್ಯಾಗ ಮುಳುಗಿದ ಮ್ಯಾಲೆ ಇದನ್ನ ಯಾರೂ ನೋಡಂಗಿಲ್ರಿ. ಈಗ ಹೇಳಲಿಲ್ಲ ಅಂದ್ರ ಮತ್ತ ಯಾವಾಗ ಹೇಳ್ಲಿ?"

ಎಂಜಿನಿಯರ್ ಜೊತೆಗೆ ಬಂದು ಡ್ರಮ್ಮಿನ ಮೇಲೆ ಕೂತಿದ್ದ ಆಪರೇಟರ್ ಎದ್ದು ಹತ್ತಿರ ಬಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ನನ್ನನ್ನು ಬಿಟ್ಟು ಅವಳನ್ನೇ ಕೇಳಿದ:

"ಹಂಗ ಒಯ್ದು ಹಾಕಿದ್ರ ಎಷ್ಟ ದಿನ ತಡಿತೈತಿ ಅಕ್ಕ?"

"ಎರಡ ತಿಂಗಳ ತಡೀಬಹುದು. ಎರಡ ದಿನಕ್ಕೂ ಹೋಗಬಹುದು. ನಾ ಹೆಂಗ ಹೇಳ್ಲಿ?"

ಅವಳ ಮಾತನ್ನು ಯಂತ್ರದ ಬಾಯಿಂದಲೂ ಕೇಳಬೇಕೆನಿಸಿತು. ಮೂರು ಗೋಪುರಗಳನ್ನು ಒಂದಕ್ಕೊಂದು ಕೂಡಿಸಿದ್ದ ಬೆಸುಗೆಗಳನ್ನು ಬಿಡಿಸಿ, ಒಂದೊಂದನ್ನೇ ಬೇರೆ ಬೇರೆಯಾಗಿ ಮೆಗ್ಗರ್‌ಗೆ ಕೊಟ್ಟೆ. ಮೊದಲನೆಯದು ಮುನ್ನೂರು ದಾಟಿತು. ಎರಡನೆಯದೂ ಹಾಗೆಯೇ. ಮೂರನೆಯದು ಮೂವತ್ತೆರಡು. ಮೂರನ್ನೂ ಒಟ್ಟಿಗೆ ಅಳೆಯುತ್ತ, ಒಬ್ಬ ರೋಗಿಯ ಜ್ವರವನ್ನು ಮೂವರಿಗೂ ಹಂಚಿ ಎರಡು ದಿನ ಕಳೆದಿದ್ದೆ. ಅವಳು ಒಂದು ಕೋಲಿನಿಂದ, ಮೂರು ಏಟಿನಲ್ಲಿ ಹೇಳಿದ್ದಳು.

ಆಗ ನನ್ನ ಸಿಟ್ಟು ಇಳಿಯಿತು, ಇಳಿದ ಜಾಗದಲ್ಲಿ ಬೇರೆ ಏನೋ ಬಂತು. ಇವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಮುಚ್ಚಿಹಾಕಲು ಹೊರಟದ್ದನ್ನು ಇವಳು ತೆರೆದಿಟ್ಟಳು, ಅದೂ ತನ್ನ ತಪ್ಪೆಂದು ಹೇಳಿ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಉಣ್ಣಬೇಕಾದವನು ನಾನಾಗಿದ್ದೆ, ತಟ್ಟೆ ಎದುರಿಗೆಳೆದುಕೊಂಡು ಅವಳು ಕೂತಿದ್ದಳು. ಹೊರಗೆ ಹೋಗಿ ಎಂಜಿನಿಯರಿಗೆ ಹೇಳಿದೆ:

"ಸರ್, ನಾಳಿ ಬರಬ್ಯಾಡ್ರಿ. ಮೂರನೇದು ಬಿಚ್ಚತೀನಿ. ಹದಿನಾಲ್ಕಕ್ಕ ಕೊಡ್ತೀನಿ, ಇಲ್ಲಾಂದ್ರ ನಾನ ಬಂದು ಆ ಊರವರ ಮುಂದ ನಿಂದ್ರತೀನಿ."

ಅವರು ಕಾರಣ ಕೇಳಿದರು, ಹೇಳಿದೆ. ತಣ್ಣಗಾದ ಮೇಲಿನ ಅಂಕಿಯ ಉಪಾಯವನ್ನೂ ಹೇಳಿದೆ. ಅವರು ಚಹಾದ ಲೋಟವನ್ನು ಕೆಳಗಿಟ್ಟು, "ಬಿಚ್ಚಿ" ಎಂದರು.

ಕಾಗದ ಬೇಕಿತ್ತು. ಬಿಚ್ಚಿದ ತಂತಿಯನ್ನು ಮತ್ತೆ ಸುತ್ತಬಹುದು, ಅಂಟು ಕುಡಿದ ಕಾಗದ ಬರುವುದಿಲ್ಲ. ದಾವಣಗೆರೆಗೆ ನಾನೇ ಹೊರಟೆ. ಹೊರಡುವಾಗ ಪೇಪರಕ್ಕ ತನ್ನ ಕರಿ ಕಂಬಳಿಯನ್ನು ನನ್ನ ಹೆಗಲಿಗೆ ಹಾಕಿದಳು.

"ಈ ಸುಡು ಬಿಸಲಾಗ ಕಂಬಳಿ ಯಾಕ?"

"ನಿಮಗಲ್ರಿ, ಹಾಳಿಗೆ. ಮ್ಯಾಲೆ ನೋಡ್ರಿ, ಮೋಡ ಐತಿ."

ಮೋಡ ಅಂಗೈಯಷ್ಟಿತ್ತು. ಅವಳ ಮನಸ್ಸು ನೋಯಬಾರದೆಂದು ಒಯ್ದೆ. ಕಾಗದದ ಸುರುಳಿ ತಗೊಂಡು ಹರಪನಹಳ್ಳಿ ಬಸ್ಸಿನಲ್ಲಿ ವಾಪಸ್ ಬರುವಾಗ, ತೆಲಿಗಿ ಹತ್ತಿರ ಗಾಳಿ ಎದ್ದು ಆಲಿಕಲ್ಲಿನ ಮಳೆ ಹೊಡೆಯಿತು. ಬಸ್ಸಿನ ಕಿಟಕಿಗೆ ಗಾಜೇ ಇರಲಿಲ್ಲ. ಸುರುಳಿಗೆ ಕಂಬಳಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಬಗ್ಗಿ ಕೂತೆ. ಪಕ್ಕದ ಅಜ್ಜ, "ಕೂಸು ಐತೇನಪ್ಪ?" ಎಂದು ಕೇಳಿದ. ಹೌದು ಎಂದೆ. ನಾನು ಚಡ್ಡಿಯ ತನಕ ತೊಯ್ದಿದ್ದೆ. ಶೆಡ್ಡಿನಲ್ಲಿ ಬಿಚ್ಚಿದಾಗ ಕಂಬಳಿಯ ಮೇಲೆ ಹನಿಗಳು ಮಣಿಗಳ ಹಾಗೆ ಕೂತಿದ್ದವು, ಒಳಗಿನ ಹಾಳೆ ಗರಿಗರಿಯಾಗಿತ್ತು.

ಅಷ್ಟು ಹೊತ್ತಿಗೆ ನೊಗ ಇಳಿದಿತ್ತು. ಆಪರೇಟರ್ ಅಂಗಿ ಬಿಚ್ಚಿಟ್ಟು, ತಗಡುಗಳನ್ನು ಒಂದೊಂದೇ ಎಳೆದು, ಕ್ರಮ ತಪ್ಪದ ಹಾಗೆ ಸುಣ್ಣದಲ್ಲಿ ನಂಬರು ಬರೆದು ನೆಲದ ಮೇಲೆ ಸಾಲಾಗಿ ಇಟ್ಟಿದ್ದ. ಯಾರೂ ಹೇಳಿರಲಿಲ್ಲ.

ಹೊಸ ಅಂಟಿನ ಡಬ್ಬಿಯನ್ನು ಮುಂದಿಟ್ಟೆ. ಪೇಪರಕ್ಕ ಅದನ್ನು ಪಕ್ಕಕ್ಕೆ ಸರಿಸಿದಳು.

"ಯಾವ ಅಂಟೂ ಬ್ಯಾಡ್ರಿ. ಕಂಬಳಿ ಅಂಚು ಅಂಟು ಹಚ್ಚಿ ನಿಲ್ಲಸ್ತೀವೇನು? ಮಡಚಿ ಎಳಿ ಅಡಿಗೆ ಸಿಗಿಸ್ತೀವಿ. ಇದನ್ನೂ ಹಂಗ ಮಾಡೂಣು."

ಹಾಗೆಯೇ ಮಾಡಿದಳು. ಕಾಗದದ ತುದಿಯನ್ನು ಒಂದು ಬೆರಳಗಲ ಮಡಚಿ, ಮುಂದಿನ ಸಾಲಿನ ಮೊದಲ ಸುತ್ತಿನ ಅಡಿಗೆ ಸಿಗಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು, ನಾನು ಮಷಿನ್ ತಿರುಗಿಸುತ್ತಿದ್ದೆ. ತಂತಿ ತಾನೇ ಕಾಗದವನ್ನು ಹಿಡಿಯುತ್ತಿತ್ತು. ರಟ್ಟಿನ ತುಂಡುಗಳನ್ನು ಹತ್ತಿಯ ಪಟ್ಟಿಯಿಂದ ಬಳೆಗೆ ಕಟ್ಟಿದಳು. ಆ ಗಂಟು ನಾನು ಇವತ್ತಿಗೂ ಹಾಕಲಾರೆ. ಅಂಟು ಆರುವ ತನಕ ಕಾಯುವ ಕೆಲಸವೇ ಇಲ್ಲದ್ದರಿಂದ ಎರಡು ದಿನದ ಕೆಲಸ ಒಂದೂವರೆ ದಿನಕ್ಕೆ ಮುಗಿಯಿತು. ಆ ಒಂದೂವರೆ ದಿನದಲ್ಲಿ ಅವಳು ಎಷ್ಟು ಸಲ ಕೈ ಎತ್ತಿದಳೋ ಅಷ್ಟು ಸಲ ನಿಲ್ಲಿಸಿದೆ. ಒಮ್ಮೆಯೂ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ನುಂಗಿದೆ.

ನಂಬರು ಬರೆದಿದ್ದರಿಂದ ನೊಗದ ತಗಡುಗಳನ್ನು ಈ ಸಲ ಅರ್ಧ ದಿನದಲ್ಲೇ ಹೆಣೆದೆವು, ಹನ್ನೊಂದನೆಯ ದಿನ ಸಂಜೆ ಎಲ್ಲವೂ ಮತ್ತೆ ಒಲೆಗೆ. ಹನ್ನೆರಡನೆಯ ದಿನ ಅಂಕಿ ಇಳಿಯಿತು, ಇಳಿಯಿತು, ನಲವತ್ತಕ್ಕೆ ಬಂದು ನಿಂತಿತು. ಆಪರೇಟರ್ ಡ್ರಮ್ಮಿನ ಮೇಲೆ, ಪೇಪರಕ್ಕ ಬಾಗಿಲ ಬಳಿ, ನಾನು ಇಬ್ಬರ ನಡುವೆ ಅತ್ತಿಂದಿತ್ತ. ಮಧ್ಯಾಹ್ನ ಮೂರಕ್ಕೆ ನಲವತ್ತಾರು. ನಾಲ್ಕಕ್ಕೆ ಅರವತ್ತು. ಐದಕ್ಕೆ ತೊಂಬತ್ತು. ಹದಿಮೂರನೆಯ ದಿನ ಬೆಳಿಗ್ಗೆ ಮುನ್ನೂರ ಇಪ್ಪತ್ತು, ಗಂಟೆ ಕಳೆದರೂ ಅಲ್ಲೇ, ಅಂದರೆ ಹೊರಡಲು ತೇವ ಉಳಿದಿರಲಿಲ್ಲ. ಆಮೇಲೆ ನಾನೇ ಕೋಲನ್ನು ಅವಳ ಕೈಗೆ ಕೊಟ್ಟೆ. ಅವಳು ತಟ್ಟಿದಳು. ಟಕ್, ಟಕ್, ಟಕ್.

ಬಿಸಿ ಆರುವ ಮೊದಲೇ ಟ್ಯಾಂಕಿಗೆ ಇಳಿಸಿ, ಒಳಗಿನ ಗಾಳಿಯನ್ನು ಪಂಪಿನಿಂದ ಹೊರಗೆ ಎಳೆದು, ಶುದ್ಧ ಮಾಡಿದ ಎಣ್ಣೆ ತುಂಬಿದೆವು. ಕಾಗದ ಎಣ್ಣೆ ಕುಡಿಯಲೆಂದು ಸಂಜೆಯ ತನಕ ಬಿಟ್ಟು ಮುಚ್ಚಳ ಬಿಗಿದೆವು. ಹೊಸ ಗ್ಯಾಸ್ಕೆಟ್ಟಿನ ಸುತ್ತ ಪೇಪರಕ್ಕ ಎರಡು ಸಲ ಬೆರಳಾಡಿಸಿದಳು.

ಹದಿನಾಲ್ಕನೆಯ ಬೆಳಿಗ್ಗೆ ಅವಳನ್ನೂ ಲಾರಿಯಲ್ಲಿ ಕೂರಿಸಿಕೊಂಡು ಹೊರಟೆವು. ಇಷ್ಟು ವರ್ಷ ಕೆಲಸ ಮಾಡಿದ್ದಾಳೆ, ಶೆಡ್ಡಿನಿಂದ ಹೋದದ್ದು ಎಲ್ಲಿ ಕೂರುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ನಾನು ಕರೆದೂ ಇರಲಿಲ್ಲ. ಪಂಪ್‌ಹೌಸಿನ ಮುಂದೆ ಆ ಸಣ್ಣ ಟ್ರಾನ್ಸ್‌ಫಾರ್ಮರ್ ಆಗಲೇ ಬೇರೆ ಲಾರಿ ಏರುತ್ತಿತ್ತು. ಮೋಟಾರು ನಿಂತಿತ್ತು. ನಮ್ಮದನ್ನು ಕಟ್ಟೆಯ ಮೇಲೆ ಕೂರಿಸಿ ತಂತಿ ಜೋಡಿಸಿದ ಮೇಲೆ ಎಂಜಿನಿಯರ್ ಕೊನೆಯ ಪರೀಕ್ಷೆ ಮಾಡಿದರು. ಫಾರಂನಲ್ಲಿ ಅಂಕಿ ಬರೆದರು. ಅದರ ಪಕ್ಕದಲ್ಲಿ ನಾನು ಪೆನ್ನಿನಿಂದ ಹೊಸದಾಗಿ ಗೆರೆ ಎಳೆದಿದ್ದ ಚೌಕದಲ್ಲಿ ಎಣ್ಣೆಯ ಬಿಸಿಯನ್ನೂ ಬರೆದರು. ಆಮೇಲೆ ಸಹಿ.

ಆಪರೇಟರ್ ಸ್ವಿಚ್ಚಿನ ಹಿಡಿಕೆಗೆ ಕೈ ಹಾಕಿದ. ಹಾಕು ಎನ್ನಬೇಕಾದವರು ಎಂಜಿನಿಯರ್, ಇಲ್ಲವೇ ನಾನು. ಅವನು ನಮ್ಮಿಬ್ಬರನ್ನೂ ದಾಟಿ ಹಿಂದಕ್ಕೆ ನೋಡಿದ.

"ಅಕ್ಕಾ, ಹಾಕ್ಲೇನು?"

ಪೇಪರಕ್ಕ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ಹಾಕ್ರಿ. ಒಣಗೈತಿ."

ಟ್ರಾನ್ಸ್‌ಫಾರ್ಮರ್ ಒಮ್ಮೆ ಗುಂಯ್ ಎಂದು, ಆ ದನಿಯಲ್ಲೇ ನೆಲೆ ನಿಂತಿತು. ಮೊದಲ ಮೋಟಾರು ಓಡಿತು. ಒಂದು ಗಂಟೆ ನೋಡಿ ಎರಡನೆಯದನ್ನೂ ಓಡಿಸಿದರು. ದಪ್ಪ ಪೈಪಿಗೆ ಪೇಪರಕ್ಕ ಅಂಗೈ ಇಟ್ಟು, ಒಳಗೆ ನೀರು ಓಡುವುದನ್ನು ಬಹಳ ಹೊತ್ತು ಹಿಡಿದು ನೋಡಿದಳು.

ಆಪರೇಟರ್ ಗೋಡೆಯ ನೆರಳಿಗೆ ಹೋಗಿ ಮನೆಗೆ ಫೋನ್ ಮಾಡಿದ. ಮೋಟಾರಿನ ಸದ್ದಿಗೆ ಅವನು ಕೂಗಿ ಮಾತಾಡುತ್ತಿದ್ದರಿಂದ ನಮಗೆಲ್ಲ ಕೇಳಿಸಿತು.

"ಹೂಂ, ಸಂಜಿಗೆ ಬರತೈತಿ... ನಾಳೆನೂ ಬರತೈತಿ... ಏ, ಬ್ಯಾರಲ್ ಎಲ್ಲಾ ಯಾಕ ತುಂಬಸ್ತಿ? ಕುಡ್ಯಾಕ ಎರಡ ಕೊಡ ಹಿಡಿ, ಸಾಕು."